ಎಂಟಡಿ ವೈರು

ಇಲಾಖೆಯಲ್ಲಿ ಅವರ ಅಸಲು ಹೆಸರು ನೆನಪಿದ್ದದ್ದು ಸಂಬಳದ ಬಿಲ್ಲು ಬರೆಯುವ ಗುಮಾಸ್ತರಿಗೆ ಮಾತ್ರ. ಮಿಕ್ಕವರಿಗೆಲ್ಲ ಅವರು ಚರ್ಚಿಸಿ ಸಾಹೇಬರು. ರಸ್ತೆ, ಸೇತುವೆ, ಮೋರಿ, ದೀಪದ ಕಂಬ, ಯಾವುದರ ಕಡತವೇ ಮೇಜಿಗೆ ಬರಲಿ, ಈ ಎಂಜಿನಿಯರು ಕನ್ನಡಕ ಒರೆಸಿಕೊಂಡು, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬಿಡದೆ ಓದಿ, ಅಂಚಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಚರ್ಚಿಸಿ’ ಎಂದು ಬರೆದು ಕೆಳಗೊಂದು ಪುಟ್ಟ ಸಹಿ ಹಾಕುತ್ತಿದ್ದರು. ಯಾರ ಜೊತೆ ಚರ್ಚಿಸಬೇಕು, ಯಾವಾಗ ಚರ್ಚಿಸಬೇಕು ಎಂದು ಕೇಳಲು ಬಂದವರಿಗೆ, “ಅದನ್ನೂ ಚರ್ಚಿಸೋಣ, ಕೂತ್ಕೊಳ್ಳಿ” ಎನ್ನುತ್ತಿದ್ದರು. ಕೂತವರು ಏಳುವ ಹೊತ್ತಿಗೆ ಊಟದ ಗಂಟೆಯಾಗಿರುತ್ತಿತ್ತು.

ಹಾಗೆಂದು ಸೋಮಾರಿಯಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಸಂಜೆ ಫ್ಯಾನು ದೀಪ ಆರಿಸಿಯೇ ಹೋಗುವ ಮನುಷ್ಯ. ಯಾರ ಕೈಯಿಂದಲೂ ಒಂದು ಬಾಳೆಹಣ್ಣು ಕೂಡ ತೆಗೆದುಕೊಂಡವರಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆ ಅವರಿಗೆ ಅಷ್ಟೋ ಇಷ್ಟೋ ಹುಟ್ಟಿನಿಂದ ಬಂದದ್ದು, ಉಳಿದದ್ದು ಮೊದಲ ಮೇಲಧಿಕಾರಿ ಕಲಿಸಿದ್ದು. ಆ ಹಿರಿಯರು ನಿವೃತ್ತರಾಗುವ ದಿನ ಇವರನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದ್ದರು: “ನೋಡಪ್ಪ, ಕೋರ್ಟಲ್ಲಿ ಸೋತೋನನ್ನ ಯಾರೂ ಕೇಳಲ್ಲ. ಪಾಪ, ಹೋರಾಡ್ದ ಅಂತಾರೆ. ರಾಜಿ ಮಾಡ್ಕೊಂಡೋನನ್ನ ಮಾತ್ರ ಸಾಯೋ ತನಕ ಕೇಳ್ತಾರೆ, ಯಾಕೆ ಮಾಡ್ಕೊಂಡೆ, ಎಷ್ಟು ತಿಂದೆ ಅಂತ.” ಆ ಮಾತನ್ನು ಚರ್ಚಿಸಿ ಸಾಹೇಬರು ಗಂಟು ಕಟ್ಟಿಕೊಂಡರು. ಅಂದಿನಿಂದ ನಿವೃತ್ತಿಯ ಅಂಚಿಗೆ ಬರುವವರೆಗೂ ‘ಒಪ್ಪಿದೆ’ ಎಂಬ ಮೂರಕ್ಷರ ಅವರ ಲೇಖನಿಯಿಂದ ಇಳಿದದ್ದಿಲ್ಲ.

ಮನೆಯಲ್ಲೂ ಅದೇ ರಾಗ. ಸಾರಿಗೆ ಬೇಳೆ ಹಾಕಲೋ ಸೊಪ್ಪು ಹಾಕಲೋ ಎಂದು ಹೆಂಡತಿ ಕೇಳಿದರೆ, “ಎರಡರ ಸಾಧಕ ಬಾಧಕ ನೋಡೋಣ” ಎನ್ನುತ್ತಿದ್ದರು. ಆಕೆ ಕೇಳುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಷ್ಟೇಕೆ, ಆಕೆಯನ್ನು ಮದುವೆಯಾಗಲು ಒಪ್ಪಿದ್ದೂ ಅವರಲ್ಲ, ಅವರಕ್ಕ. ಹುಡುಗಿಯನ್ನು ನೋಡಿ ಬಂದು, “ಹೇಗಿದ್ದಾಳೋ?” ಎಂದು ಅಕ್ಕ ಕೇಳಿದಾಗ ಇವರು, “ಇನ್ನೊಂದೆರಡು ಸಲ ಕೂತು ಮಾತಾಡಿ…” ಎಂದು ರಾಗ ಎಳೆದಿದ್ದರು. ಅಕ್ಕ ಅಲ್ಲಿಂದಲೇ ಹಿಂದಿರುಗಿ ಹೋಗಿ, “ನಮ್ಮ ಹುಡುಗ ಒಪ್ಪಿದಾನೆ” ಎಂದು ಹೇಳಿ ಬಂದಳು. ಅಲ್ಲಿಂದಾಚೆಗೆ ಅತ್ತಿಗೆ ಎಂದರೆ ಹೆಂಡತಿಗೆ ಪಂಚಪ್ರಾಣ. ಬೇರೆ ಮನೆಗಳಲ್ಲಿ ಗಂಡನ ಅಕ್ಕ ಬಂದರೆ ಪಾತ್ರೆಗಳು ಸದ್ದು ಮಾಡುತ್ತವಂತೆ. ಇಲ್ಲಿ ಅವರಿಬ್ಬರೂ ಒಂದಾಗಿ ಕೂತರೆ ಸಾಹೇಬರ ಎದೆ ಡವಗುಟ್ಟುತ್ತಿತ್ತು.

ಅಕ್ಕನೇ ಅವರನ್ನು ಸಾಕಿದವಳು. ತಾಯಿ ಬೇಗ ಹೋದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಬಂದು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಊರಿನ ಅರ್ಧ ಮಕ್ಕಳ ಸಮವಸ್ತ್ರ ಹೊಲಿದದ್ದು ಅವಳು. ತುಳಿದೂ ತುಳಿದೂ ಮಂಡಿಗಳು ಸವೆದಿದ್ದವು, ನಾಲಿಗೆ ಮಾತ್ರ ಸವೆದಿರಲಿಲ್ಲ. ಅಳತೆಯ ಟೇಪು ಈಗಲೂ ಕೊರಳಲ್ಲೇ ಜೋತಾಡುತ್ತಿತ್ತು. ತಮ್ಮನ ಆ ಪದ ಕಿವಿಗೆ ಬಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು. “ಚರ್ಚಿಸಿ ಅಂತೆ! ನಾನು ಹಾಗಂತ ಕೂತಿದ್ರೆ ನೀನು ಚಡ್ಡಿ ಇಲ್ದೆ ಬೆಳೀಬೇಕಾಗಿತ್ತು” ಎನ್ನುತ್ತಿದ್ದಳು.

ಅಕ್ಕನ ಮನೆ ಎದುರಿಗೇ, ರಸ್ತೆಯ ಆಚೆ ಬದಿಗೆ. ಹಿಂದೆ ಅದು ರಸ್ತೆಯೆಂದರೆ ರಸ್ತೆ, ಓಣಿಯೆಂದರೆ ಓಣಿ. ಈ ಮನೆಯ ಒಗ್ಗರಣೆಯ ವಾಸನೆ ಆ ಮನೆಗೆ ಹೋಗುತ್ತಿತ್ತು, ಹಿಂದೆಯೇ ಅಕ್ಕ ಬರುತ್ತಿದ್ದಳು. ಆಮೇಲೆ ಸರ್ಕಾರ ಜಾಗ ಕೊಟ್ಟಿತು, ಒಂದು ದೊಡ್ಡ ಕಂಪನಿ ಹಣ ಹಾಕಿತು, ಇಬ್ಬರೂ ಸೇರಿ ಅದನ್ನು ಹೆದ್ದಾರಿ ಮಾಡಿದರು. ಮೂವತ್ತು ವರ್ಷ ಕಂಪನಿ ನಡೆಸುವುದು, ಆಮೇಲೆ ಸರ್ಕಾರಕ್ಕೆ ಒಪ್ಪಿಸುವುದು ಎಂದು ಕರಾರು. ನಡುವೆ ಎದೆಯೆತ್ತರದ ಗೋಡೆ ಎದ್ದಿತು. ಜನ ದಾಟಲು ಮೇಲೊಂದು ಕಾಲುಸೇತುವೆ ಬಂತು. ಸಾಹೇಬರ ಮನೆಯ ಕಡೆ ನೆಲ ಎತ್ತರ, ಸೇತುವೆ ನಿಧಾನವಾಗಿ ಇಳಿಜಾರಾಗಿ ಬಂದು ಕಾಲಿಗೆ ಸಿಗುತ್ತಿತ್ತು. ಅಕ್ಕನ ಕಡೆ ತಗ್ಗು. ಅಲ್ಲಿ ಏಣಿಯಂಥ ಕಡಿದಾದ ಮೆಟ್ಟಿಲು. ಮೆಟ್ಟಿಲು ಹತ್ತಲಾರದವರಿಗೆ ಒಂದು ಲಿಫ್ಟು.

ಆ ಲಿಫ್ಟಿನದೇ ಕಥೆ. ಗಾಜಿನ ಬಾಗಿಲು, ಉಕ್ಕಿನ ಮೈ, ಗುಂಡಿಗಳ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ ಇನ್ನೂ ಸುಲಿದಿರಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಯವರು ಜನರೇಟರು ತಂದು ಅದನ್ನು ನಾಲ್ಕು ಸಲ ಮೇಲೆ ಕೆಳಗೆ ಓಡಿಸಿ, ‘ಸುಸ್ಥಿತಿಯಲ್ಲಿದೆ’ ಎಂದು ಸರ್ಟಿಫಿಕೇಟು ಅಂಟಿಸಿ, ಜನರೇಟರನ್ನು ಹೊತ್ತುಕೊಂಡು ಹೋಗುತ್ತಿದ್ದರು. ಸುಸ್ಥಿತಿಯಲ್ಲಿದ್ದ ಲಿಫ್ಟು ನಿಂತಲ್ಲೇ ನಿಂತಿರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಏಕೆಂದರೆ ಅದಕ್ಕೆ ಕರೆಂಟಿರಲಿಲ್ಲ.

ಕರೆಂಟು ಏಕಿರಲಿಲ್ಲ ಎಂದರೆ, ಎಂಟಡಿ ವೈರು ಇರಲಿಲ್ಲ. ಸೇತುವೆಯ ಬುಡದವರೆಗೆ ಕರೆಂಟು ತಂದು ಮೀಟರು ಕೂರಿಸುವುದು ಇಲಾಖೆಯ ಹೊಣೆ ಎಂದು ಕರಾರಿನಲ್ಲಿತ್ತು, ಕೂರಿಸಿದ್ದರು. ಲಿಫ್ಟು ಮತ್ತು ಅದರೊಳಗಿನ ಸಮಸ್ತವೂ ಕಂಪನಿಯ ಹೊಣೆ ಎಂದಿತ್ತು, ಅದೂ ಆಗಿತ್ತು. ಮೀಟರಿನಿಂದ ಲಿಫ್ಟಿನ ಪೆಟ್ಟಿಗೆಯವರೆಗಿನ ಎಂಟಡಿ ಜಾಗ ಯಾರದೆಂದು ಬರೆಯುವುದನ್ನು ಬರೆದವರು ಮರೆತಿದ್ದರು. ಎಂಟಡಿ ತಾನೇ, ಯಾರೋ ಒಬ್ಬರು ಎಳೆದರಾಯಿತು ಎಂದು ನೀವು ಹೇಳಬಹುದು. ನೀವು ಇಲಾಖೆಯಲ್ಲೂ ಇಲ್ಲ, ಕಂಪನಿಯಲ್ಲೂ ಇಲ್ಲ, ಅದಕ್ಕೇ ಹೇಳುತ್ತೀರಿ. ಯಾರು ಇಲ್ಲಿ ವೈರು ಎಳೆದರೋ ಅವರು ಆ ಸಂದು ತಮ್ಮದೆಂದು ಒಪ್ಪಿದಂತೆ. ಇಲ್ಲಿ ಒಪ್ಪಿದರೆ ಹೆದ್ದಾರಿಯ ಉಳಿದ ಸೇತುವೆಗಳಲ್ಲೂ ಒಪ್ಪಿದಂತೆ. ಮೂವತ್ತು ವರ್ಷ ಆ ಸಂದಿನಲ್ಲಿ ಶಾಕ್ ಹೊಡೆದರೂ, ಹೆಗ್ಗಣ ಕಡಿದರೂ ಅವರದೇ ತಲೆಗೆ. ಹೀಗಾಗಿ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ತಕರಾರು ಬಂದರೆ ಕೋರ್ಟಿಗೆ ಹೋಗುವ ಮುಂಚೆ ಎರಡೂ ಕಡೆಯವರು ಕೂತು ‘ಸೌಹಾರ್ದದಿಂದ’ ಬಗೆಹರಿಸಿಕೊಳ್ಳಬೇಕು ಎಂದು ಕರಾರಿನಲ್ಲೇ ಇತ್ತು. ಇಲಾಖೆಯ ಪರವಾಗಿ ಕೂರಲು ಚರ್ಚಿಸಿ ಸಾಹೇಬರಿಗಿಂತ ಯೋಗ್ಯರು ಯಾರಿದ್ದಾರೆ? ಕಂಪನಿಯ ಪರವಾಗಿ ಒಬ್ಬ ಮ್ಯಾನೇಜರ್ ಮೇಡಂ ಬರುತ್ತಿದ್ದರು. ಬಲು ಚುರುಕು, ಆದರೆ ಯಾವುದಕ್ಕೂ ಸಿಕ್ಕಿಬೀಳದ ಹೆಂಗಸು. “ಆರಾಮಾ ಮೇಡಂ?” ಎಂದರೆ, “ಇವತ್ತಿನ ಮಟ್ಟಿಗೆ. ಹಾಗಂತ ನಾಳೆಗೂ ಒಪ್ಪಿಕೊಂಡ ಹಾಗಲ್ಲ” ಎನ್ನುವವರು.

ತಿಂಗಳಿಗೊಂದು ಸೌಹಾರ್ದ ಸಭೆ. ಕಂಪನಿಯ ಚಹಾ ಕುಡಿದರೆ ಲಂಚವೆಂದಾರು ಎಂದು ಸಾಹೇಬರಿಗೆ ಭಯ. ಇಲಾಖೆಯ ಚಹಾ ಕುಡಿದರೆ ಉಪಕಾರಕ್ಕೆ ಬಿದ್ದೇವು ಎಂದು ಮೇಡಂಗೆ ಅನುಮಾನ. ಇಬ್ಬರೂ ಮನೆಯಿಂದ ತಂದ ಫ್ಲಾಸ್ಕುಗಳನ್ನು ಎದುರು ಬದುರು ಇಟ್ಟುಕೊಂಡು ಸೌಹಾರ್ದದಿಂದ ಕೂರುತ್ತಿದ್ದರು. ಮೊದಲು ಹಿಂದಿನ ಸಭೆಯ ನಡಾವಳಿ ಓದಬೇಕು. ಅದರಲ್ಲಿ ‘ಇಲಾಖೆ ಹೇಳಿತು’ ಎಂದಿದ್ದರೆ ಸಾಹೇಬರು ‘ಇಲಾಖೆಗೆ ಅನ್ನಿಸಿತು’ ಎಂದು ತಿದ್ದಬೇಕು. ‘ಕಂಪನಿ ತಲೆಯಾಡಿಸಿತು’ ಎಂದಿದ್ದರೆ ಮೇಡಂ, ಅದು ಫ್ಯಾನಿನ ಗಾಳಿಗೆ, ಒಪ್ಪಿಗೆಗಲ್ಲ ಎಂದು ಬರೆಸಬೇಕು. ನಡಾವಳಿ ಸರಿಯಾಗದೆ ಮುಂದಿನ ವಿಷಯಕ್ಕೆ ಹೋಗುವಂತಿಲ್ಲ, ಮುಂದಿನ ವಿಷಯಕ್ಕೆ ಹೋಗದೆ ನಡಾವಳಿ ಸರಿಯಾಗುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ ಮುಂದಿನ ಸಭೆಯ ತಾರೀಕೊಂದನ್ನು ಮಾತ್ರ ಒಮ್ಮತದಿಂದ ಗೊತ್ತುಮಾಡಿ ಏಳುತ್ತಿದ್ದರು. ಒಂದೊಂದು ಸಲ ಇಬ್ಬರೂ ಸೇತುವೆಯ ಬುಡಕ್ಕೆ ನಡೆದು ಹೋಗಿ, ಆ ಎಂಟಡಿ ಖಾಲಿ ಜಾಗವನ್ನು ನೋಡುತ್ತ ತುಸು ಹೊತ್ತು ನಿಲ್ಲುತ್ತಿದ್ದರು. ಮೇಡಂ ನಿಟ್ಟುಸಿರು ಬಿಡುತ್ತಿದ್ದರು, ಆಮೇಲೆ ಅದು ಬರೀ ನಿಟ್ಟುಸಿರು ಎಂದು ಸ್ಪಷ್ಟಪಡಿಸುತ್ತಿದ್ದರು.

ಇತ್ತ ಅಕ್ಕನಿಗೆ ಮೆಟ್ಟಿಲು ಆಗದು. ಸಾಹೇಬರ ಹೆಂಡತಿಗೆ ಉಬ್ಬಸ. ಇಳಿದುಬಿಟ್ಟರೆ ವಾಪಸು ಹತ್ತಲಾಗದು. ಕಾರಿನಲ್ಲಿ ಕರೆತರೋಣವೆಂದರೆ ತಿರುವು ಸಿಗುವುದು ಊರಾಚೆ. “ಎದುರು ಮನೆಗೆ ಹೋಗೋಕೆ ಊರು ಸುತ್ತಬೇಕಾ? ನಾನೇನು ಅಕ್ಕಿ ಮೂಟೆನಾ, ಏರಿಸಿ ಇಳಿಸೋಕೆ?” ಎಂದು ಅಕ್ಕ ಹಟ ಹಿಡಿದಿದ್ದಳು. ಹಾಗಾಗಿ ದಿನಾ ಸಂಜೆ ಹೆಂಡತಿ ಇಳಿಜಾರು ಹತ್ತಿ ಸೇತುವೆ ದಾಟಿ ಮೆಟ್ಟಿಲ ತುದಿಯಲ್ಲಿ ನಿಲ್ಲುವುದು, ಅಕ್ಕ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು. ಲಾರಿಗಳ ಗದ್ದಲಕ್ಕೆ ಮಾತು ಕೇಳಿಸದೆ ಇಬ್ಬರೂ ಫೋನು ಕಿವಿಗಿಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ, ಕೈ ಆಡಿಸುತ್ತ ಹರಟುವುದು. ನಡುವೆ ಲಿಫ್ಟು ಹೊಳೆಯುತ್ತ ನಿಂತಿರುತ್ತಿತ್ತು.

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: “ನೋಡೋ, ನೀನು ಕುರ್ಚಿ ಬಿಡೋಷ್ಟರಲ್ಲಿ ಆ ಡಬ್ಬ ಮೇಲೇಳಬೇಕು. ಇಲ್ದಿದ್ರೆ ಮನೆ ಮಾರಿ ಮಗಳ ಊರಿಗೆ ಹೊರಟೆ. ಅವಳು ಕರೀತಾನೇ ಇದಾಳೆ. ದೂರ ಹೋದ್ಮೇಲೆ ಕಾಣಲ್ಲ ಅಂತಾದ್ರೂ ಸಮಾಧಾನ ಇರುತ್ತೆ. ಹೀಗೆ ಕಣ್ಣೆದುರಿಗಿದ್ದೂ ಸಿಗದೇ ಇರೋದು ನನ್ನ ಕೈಲಿ ಆಗಲ್ಲ.”

ಅಕ್ಕ ಇಲ್ಲದ ಊರನ್ನು ಸಾಹೇಬರು ಕಂಡವರೇ ಅಲ್ಲ. ಆ ತಿಂಗಳ ಸಭೆಯಲ್ಲಿ ಧೈರ್ಯ ಮಾಡಿ, “ಮೇಡಂ, ಏನಾದ್ರೂ ಮಾಡೋಣ” ಎಂದೇಬಿಟ್ಟರು. ಮೇಡಂ ಕಣ್ಣರಳಿಸಿ, “ಇದನ್ನ ನಡಾವಳಿಯಲ್ಲಿ ಬರ್ಕೊಳ್ಳಲಾ?” ಎಂದರು. ಸಾಹೇಬರು ಬೆವೆತು, “ಬೇಡ, ಬಾಯಿ ತಪ್ಪಿ ಬಂತು” ಎಂದರು.

ಅಂದು ಸಂಜೆ ಅಕ್ಕನ ಮನೆಗೆ ಹೋಗಿ ಕಷ್ಟ ತೋಡಿಕೊಂಡರು. ಆಚೆಗಿನದು ಅವರದು, ಈಚೆಗಿನದು ನಮ್ಮದು, ನಡುವಿನದು ಯಾರದೂ ಅಲ್ಲ ಎಂದು ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಅಕ್ಕ ಗುಂಡಿ ಹೊಲಿಯುವುದನ್ನು ನಿಲ್ಲಿಸಿ, “ಎಷ್ಟು ಅಂದೆ?” ಎಂದು ಕೇಳಿದಳು.

“ಎಂಟಡಿ.”

ಅಕ್ಕ ಮತ್ತೇನೂ ಅನ್ನಲಿಲ್ಲ. ಅವಳು ಬೈದರೆ ಚಿಂತೆಯಿಲ್ಲ, ಸುಮ್ಮನಾದರೆ ಹುಷಾರಾಗಿರಬೇಕು ಎಂಬುದು ತಮ್ಮನಿಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಅಂದು ಮರೆತು ಮೆಟ್ಟಿಲು ಹತ್ತಿದರು.

ಮುಂದಿನ ಸಭೆಗೆ ಹಿಂದಿನ ದಿನ ಕಚೇರಿಯಲ್ಲಿ ಗುಲ್ಲೋ ಗುಲ್ಲು. ಲಿಫ್ಟು ಓಡುತ್ತಿದೆಯಂತೆ! ಜವಾನ ಕಣ್ಣಾರೆ ನೋಡಿ, ಎರಡು ಸಲ ಹತ್ತಿ ಇಳಿದು ಬಂದಿದ್ದ. ದೊಡ್ಡ ಸಾಹೇಬರು ಫೋನು ಮಾಡಿದರು: “ಕೊನೆಗೂ ಕಂಪನಿ ಬಗ್ಗಿತು ನೋಡ್ರಿ! ನಿಮ್ಮ ತಾಳ್ಮೆಗೆ ಮೆಚ್ಚಬೇಕು.” ಚರ್ಚಿಸಿ ಸಾಹೇಬರು ಉಬ್ಬಿಹೋದರು. ಒಂದು ಅಕ್ಷರ ಒಪ್ಪದೆ, ಒಂದು ಇಂಚು ಬಿಡದೆ ಗೆದ್ದಿದ್ದರು. ತಮ್ಮ ಗುರುಗಳು ಬದುಕಿದ್ದರೆ ಎಷ್ಟು ಸಂತೋಷಪಡುತ್ತಿದ್ದರು ಎಂದುಕೊಂಡು, ದಾರಿಯಲ್ಲಿ ಸಿಹಿ ಕಟ್ಟಿಸಿಕೊಂಡು ಮನೆಗೆ ಹೋದರು.

ನಡುಮನೆಯಲ್ಲಿ ಅವರ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಹೆಂಡತಿ ನೆಲದ ಮೇಲೆ ಕೂತು ಅವಳ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಳು. ಇಬ್ಬರ ಕಣ್ಣೂ ಅತ್ತು ಕೆಂಪಾಗಿತ್ತು, ಇಬ್ಬರೂ ನಗುತ್ತಿದ್ದರು. ಸಾಹೇಬರಿಗೂ ಅಳು ಬಂತು. ಸಿಹಿಯ ಪೊಟ್ಟಣ ಅಕ್ಕನ ಮಡಿಲಿಗೆ ಹಾಕಿ, “ಅಂತೂ ಕಂಪನಿಯೋರು ವೈರು ಎಳೆದ್ರು ಅಕ್ಕ” ಎಂದರು.

“ಯಾವ ಕಂಪನಿನೋ? ಎಳೆಸಿದ್ದು ನಾನು.”

ಸಾಹೇಬರು ನಿಂತಲ್ಲೇ ಕೂತರು. ಅಕ್ಕ ಸಿಹಿ ಬಾಯಿಗೆ ಹಾಕಿಕೊಂಡು ಹೇಳಿದಳು. ಟೇಪು ಹಿಡಿದು ಅಳೆದದ್ದು ಅವಳೇ. ಎಂಟಡಿ ಅಲ್ಲ, ಎಂಟಡಿಗೆ ಎರಡು ಇಂಚು ಹೆಚ್ಚು. ಅವಳ ಮನೆಯ ನೀರಿನ ಮೋಟಾರು ರಿಪೇರಿ ಮಾಡುವ ಕರೆಂಟಿನವನನ್ನು ಕರೆಸಿದ್ದಳು. ಲೈಸೆನ್ಸು ಇರುವವನು, ಪೈಪಿನೊಳಗೆ ಹಾಕಿ ಅರ್ಥಿಂಗು ಕೊಟ್ಟು ಒಪ್ಪವಾಗಿ ಮಾಡಿದ್ದ. ಅವನು ಹಳದಿ ಟೊಪ್ಪಿಗೆ ಹಾಕಿದ್ದರಿಂದ ಇಲಾಖೆಯ ಕಾವಲುಗಾರ ಅವನನ್ನು ಕಂಪನಿಯವನೆಂದುಕೊಂಡ, ಕಂಪನಿಯ ಕಾವಲುಗಾರ ಇಲಾಖೆಯವನೆಂದುಕೊಂಡ. ಇಬ್ಬರೂ ಸೇರಿ ಏಣಿ ಹಿಡಿದುಕೊಂಡರಂತೆ.

“ಅಕ್ಕಾ, ಅದು ಸರ್ಕಾರದ ಜಾಗ ಕಣೇ!”

“ಅಲ್ಲ ಅಂತ ನೀನೇ ಹೇಳ್ದೆ.”

“ಹಾಗಾದ್ರೆ ಕಂಪನಿ ಜಾಗ!”

“ಅದೂ ಅಲ್ಲ ಅಂತ ನೀನೇ ಹೇಳ್ದೆ. ಯಾರದೂ ಅಲ್ದೇ ಇರೋ ಜಾಗದಲ್ಲಿ ನನ್ನದೊಂದು ವೈರು ಇದ್ರೆ ಯಾರಪ್ಪನ ಗಂಟು ಹೋಗುತ್ತೆ?” ಎಂದು ಅಕ್ಕ ಇನ್ನೊಂದು ಸಿಹಿ ತೆಗೆದುಕೊಂಡಳು. ಹೆಂಡತಿ ಎಣ್ಣೆ ಹಚ್ಚುತ್ತಲೇ, “ಅತ್ತಿಗೆ ಹೇಳೋದ್ರಲ್ಲಿ ತಪ್ಪೇನಿದೆ?” ಎಂದಳು. ಸಾಹೇಬರಿಗೆ ಅತ್ತ ದರಿ, ಇತ್ತ ಪುಲಿ.

ಮರುದಿನದ ಸಭೆಯನ್ನು ನೋಡಲು ಪುಣ್ಯ ಮಾಡಿರಬೇಕಿತ್ತು. ಗೆದ್ದ ಸಂಭ್ರಮಕ್ಕೆ ಇಲಾಖೆಯ ದೊಡ್ಡ ಸಾಹೇಬರೇ ಬಂದಿದ್ದರು. ಅತ್ತ ಕಂಪನಿಯ ನಿರ್ದೇಶಕರೂ ಹೊಸ ಕೋಟು ತೊಟ್ಟು ಬಂದಿದ್ದರು. ಅವರ ಲೆಕ್ಕದಲ್ಲಿ ಬಗ್ಗಿದ್ದು ಇಲಾಖೆ! ಸೋತವರನ್ನು ನೋಯಿಸಬಾರದು ಎಂಬ ದೊಡ್ಡತನ ಎರಡೂ ಕಡೆ ಉಕ್ಕುತ್ತಿತ್ತು. ಇಲಾಖೆ ಚಹಾ ಕೊಟ್ಟಿತು, ಕಂಪನಿ ಕುಡಿಯಿತು. ಕಂಪನಿ ಬಿಸ್ಕತ್ತು ತಂದಿತ್ತು, ಇಲಾಖೆ ತಿಂದಿತು. ಹಳೆಯ ತಕರಾರುಗಳೆಲ್ಲ ಒಂದೊಂದಾಗಿ ಮೇಜಿಗೆ ಬಂದವು.

“ಆ ಚರಂಡಿ ಹೂಳು ನಾವೇ ತೆಗೆಸ್ತೀವಿ, ಬಿಡಿ” ಎಂದರು ನಿರ್ದೇಶಕರು.

“ಛೆ ಛೆ, ಅರ್ಧ ನಾವು ಮಾಡ್ತೀವಿ. ಒಡೆದ ಹಾಸುಗಲ್ಲು ಪೂರಾ ನಮ್ಮ ಲೆಕ್ಕಕ್ಕೆ” ಎಂದರು ದೊಡ್ಡ ಸಾಹೇಬರು.

“ಹಾಗಾದ್ರೆ ಬೀದಿದೀಪ ನಮ್ಮದು.”

ವರ್ಷಗಳಿಂದ ಕೊಳೆತದ್ದು ಚಹಾ ಆರುವುದರೊಳಗೆ ಇತ್ಯರ್ಥವಾಯಿತು. ಮೇಡಂ ಬೆರಗಿನಿಂದ ಬರೆದುಕೊಳ್ಳುತ್ತಿದ್ದರು. ಚರ್ಚಿಸಿ ಸಾಹೇಬರು ಮುಳ್ಳಿನ ಮೇಲೆ ಕೂತಂತೆ ಕೂತಿದ್ದರು.

ಕೊನೆಗೆ ನಿರ್ದೇಶಕರು ಎದ್ದು ನಿಂತು, “ವೈರಿನ ವಿಷಯದಲ್ಲಿ ನೀವು ತೋರಿಸಿದ ದೊಡ್ಡ ಮನಸ್ಸಿಗೆ ಧನ್ಯವಾದ” ಎಂದರು.

ದೊಡ್ಡ ಸಾಹೇಬರು ಕೈ ಮುಗಿದು, “ದೊಡ್ಡ ಮನಸ್ಸು ನಿಮ್ಮದು. ಎಳೆದವರು ನೀವು” ಎಂದರು.

“ನಾವೆಲ್ಲಿ? ನೀವು.”

“ನೀವೇ ಸ್ವಾಮಿ.”

ಈ ಉಪಚಾರ ನಾಲ್ಕು ಸುತ್ತು ನಡೆದು, ಐದನೆಯದಕ್ಕೆ ಇಬ್ಬರ ಮುಖದ ನಗುವೂ ನಿಧಾನವಾಗಿ ಇಳಿಯಿತು. “ಮತ್ತೆ ಎಳೆದದ್ದು ಯಾರು?” ಎಂದರು ದೊಡ್ಡ ಸಾಹೇಬರು. ಚರ್ಚಿಸಿ ಸಾಹೇಬರು ಸುಮ್ಮನಿರಬಹುದಿತ್ತು. ‘ಇದನ್ನು ಚರ್ಚಿಸೋಣ’ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಪಿಂಚಣಿ ಕಣ್ಣ ಮುಂದೆ ಬಂದು ಹೋಯಿತು. ಅದರ ಹಿಂದೆ, ನಿನ್ನೆ ತಮ್ಮ ಕುರ್ಚಿಯಲ್ಲಿ ಕೂತು ಸಿಹಿ ತಿನ್ನುತ್ತಿದ್ದ ಅಕ್ಕ ಬಂದಳು. ಕಳ್ಳಿಯ ಹಾಗೆ ಅವಳ ಹೆಸರನ್ನು ಬೇರೆ ಯಾರೋ ಹುಡುಕಿ ತೆಗೆಯುವುದು ಅವರಿಗೆ ಬೇಡವಾಗಿತ್ತು.

“ನಮ್ಮಕ್ಕ ಸರ್” ಎಂದರು.

ಆಮೇಲೆ ಎದ್ದ ಕೂಗಿನಲ್ಲಿ ಯಾರು ಇಲಾಖೆ, ಯಾರು ಕಂಪನಿ ಎಂದು ತಿಳಿಯದಾಯಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಎರಡು ಪಕ್ಷಗಳೂ ಮನಸಾರೆ ಒಂದಾದವು. ಅನಧಿಕೃತ ವೈರನ್ನು ಕೂಡಲೇ ಕೀಳತಕ್ಕದ್ದು ಎಂದು ಒಮ್ಮತದ ನಿರ್ಣಯವಾಯಿತು. ಸೌಹಾರ್ದವೆಂದರೆ ಅದು! ಇಲಾಖೆಯ ಲೈನ್‌ಮನ್‌ನನ್ನು ಕರೆದುಕೊಂಡು, ಸಹಿ ಬಾಕಿಯಿದ್ದ ನಿರ್ಣಯದ ಹಾಳೆಯನ್ನು ಚರ್ಚಿಸಿ ಸಾಹೇಬರ ಕೈಗೆ ಕೊಟ್ಟು, ಎಲ್ಲರೂ ದಂಡೆತ್ತಿ ಹೊರಟಂತೆ ಸೇತುವೆಗೆ ಹೊರಟರು.

ಅಲ್ಲಿ ಲಿಫ್ಟಿನ ಮುಂದೆ ಜನ ಸಾಲು ನಿಂತಿದ್ದರು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಮೇಷ್ಟರು, ಅವಳಿ ಕೂಸುಗಳನ್ನು ಎರಡು ಕಂಕುಳಲ್ಲಿ ಇರಿಸಿಕೊಂಡ ತಾಯಿ, ತರಕಾರಿ ಬುಟ್ಟಿಯ ಮುದುಕಿ. ಮೀಟರಿನ ಪೆಟ್ಟಿಗೆಯ ಪಕ್ಕದಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, “ತಳ್ಳಬೇಡಿ, ಕೂಸಿನವಳು ಮೊದ್ಲು” ಎಂದು ಗದರುತ್ತಿದ್ದಳು. ಮೆಟ್ಟಿಲ ತುದಿಯಲ್ಲಿ ಹೆಂಡತಿ ಫೋನು ಹಿಡಿದು ನಿಂತಿದ್ದಳು.

“ಯಾರದಮ್ಮ ಈ ವೈರು?” ಎಂದರು ದೊಡ್ಡ ಸಾಹೇಬರು.

“ನಂದು.”

“ಕೀಳಿಸ್ತೀವಿ.”

“ಕೀಳ್ಸಿ” ಎಂದಳು ಅಕ್ಕ. ಗಟ್ಟಿಯಾಗಿಯೇ ಅಂದಳು, ಆದರೆ ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳಿಗೆ ಹೆದರಿಕೆಯಾದಾಗ ಮಾತ್ರ ಹಾಗೆ ಮಾಡುತ್ತಿದ್ದಳೆಂದು ಆ ಜಾಗದಲ್ಲಿ ಗೊತ್ತಿದ್ದದ್ದು ತಮ್ಮನೊಬ್ಬನಿಗೆ. ಲೈನ್‌ಮನ್ ಇಕ್ಕಳ ತೆಗೆದು ಒಂದು ಹೆಜ್ಜೆ ಮುಂದಿಟ್ಟ.

“ಒಂದ್ನಿಮಿಷ ಸರ್” ಎಂದರು ಚರ್ಚಿಸಿ ಸಾಹೇಬರು. “ನಮ್ಮ ಲೈನ್‌ಮನ್ ಕಿತ್ರೆ, ಈ ಸಂದಿನ ಮೇಲೆ ಅಧಿಕಾರ ನಮ್ಮದು ಅಂತ ಒಪ್ಪಿದ ಹಾಗಾಗುತ್ತಲ್ಲ ಸರ್? ಆಮೇಲೆ ಉಳಿದ ಸೇತುವೆಗಳಲ್ಲೂ ವೈರು ನೀವೇ ಎಳೀರಿ ಅಂತಾರೆ.”

ದೊಡ್ಡ ಸಾಹೇಬರ ಕೈ ಮೇಲೆದ್ದಲ್ಲೇ ನಿಂತಿತು. “ಲೇ, ಮುಟ್ಟಬೇಡ” ಎಂದು ಲೈನ್‌ಮನ್‌ಗೆ ಹೇಳಿ ನಿರ್ದೇಶಕರ ಕಡೆ ತಿರುಗಿದರು. “ನಿಮ್ಮವರು ಕೀಳಲಿ.”

ನಿರ್ದೇಶಕರು ಬಾಯಿ ತೆರೆಯುವ ಮೊದಲೇ ಮೇಡಂ, “ಕ್ಷಮಿಸಿ ಸರ್, ನಾವು ಮುಟ್ಟಿದ್ರೆ ನಮ್ಮದಾಗುತ್ತೆ” ಎಂದರು. ಚರ್ಚಿಸಿ ಸಾಹೇಬರ ಕಡೆ ಒಮ್ಮೆ ನೋಡಿದರು. ಆ ನೋಟಕ್ಕೆ ಯಾವ ಷರತ್ತೂ ಇರಲಿಲ್ಲ.

“ಹಾಗಾದ್ರೆ ಕಿತ್ಕೊಂಡು ಹೋಗಿ ಅಂತ ಈಯಮ್ಮನಿಗೇ ನೋಟೀಸು ಕೊಡಿ!” ಎಂದರು ದೊಡ್ಡ ಸಾಹೇಬರು.

“ಯಾರ ಹೆಸರಲ್ಲಿ ಕೊಡೋದು ಸರ್? ಕೊಟ್ಟೋರದೇ ಜಾಗ ಅಂತಾಗುತ್ತೆ” ಎಂದರು ಚರ್ಚಿಸಿ ಸಾಹೇಬರು.

“ಪೊಲೀಸಿಗೆ ದೂರು?”

“ದೂರು ಕೊಡೋದಕ್ಕೂ ಜಾಗದ ಯಜಮಾನ್ರು ಬೇಕು” ಎಂದರು ಮೇಡಂ. “ನಮ್ಮ ಕಡೆಯಿಂದ ಅಂತೂ ಇಲ್ಲ.”

ದೊಡ್ಡ ಸಾಹೇಬರು ಬಿಸಿಲಲ್ಲಿ ನಿಂತು ಯೋಚಿಸಿದರು. ನಿರ್ದೇಶಕರು ಕೋಟಿನ ಗುಂಡಿ ಬಿಚ್ಚಿ ಯೋಚಿಸಿದರು. ಅಷ್ಟರಲ್ಲಿ ಲಿಫ್ಟು ‘ಟಿಂಗ್’ ಎಂದು ಕೆಳಗೆ ಬಂದು, ಮುದುಕಿಯನ್ನೂ ಬುಟ್ಟಿಯನ್ನೂ ಹೊತ್ತು ಮತ್ತೆ ಮೇಲೆ ಹೋಯಿತು. ಎಂಟಡಿ ವೈರು ಎಳೆಯಲು ಯಾವ ಕಾರಣಕ್ಕೆ ಯಾರಿಂದಲೂ ಆಗಿರಲಿಲ್ಲವೋ, ಅದೇ ಕಾರಣಕ್ಕೆ ಅದನ್ನು ಕೀಳಲೂ ಯಾರಿಂದಲೂ ಆಗುವಂತಿರಲಿಲ್ಲ.

ಚರ್ಚಿಸಿ ಸಾಹೇಬರು ನಿರ್ಣಯದ ಹಾಳೆಯನ್ನು ಅಕ್ಕನ ಕುರ್ಚಿಯ ತೋಳಿನ ಮೇಲಿಟ್ಟುಕೊಂಡರು. ಚರಂಡಿಯ ಎದುರಿಗೆ ‘ಒಪ್ಪಿದೆ’ ಎಂದು ಬರೆದರು. ಹಾಸುಗಲ್ಲಿನ ಎದುರಿಗೆ, ಬೀದಿದೀಪದ ಎದುರಿಗೆ ‘ಒಪ್ಪಿದೆ’, ‘ಒಪ್ಪಿದೆ’. ರೂಢಿಯಿಲ್ಲದ ಪದ, ಅಕ್ಷರ ಸೊಟ್ಟಗಾಯಿತು. ಕೊನೆಯ ಸಾಲು, ‘ಅನಧಿಕೃತ ವೈರನ್ನು ಕೀಳುವ ಬಗ್ಗೆ’. ಅದರ ಎದುರಿಗೆ ಮುತ್ತು ಪೋಣಿಸಿದಂತೆ ಬರೆದರು: ‘ಚರ್ಚಿಸಿ’. ಮೇಡಂ ಕೆಳಗೆ ಸಹಿ ಹಾಕಿದರು.

ಚರ್ಚಿಸಿ ಸಾಹೇಬರ ಮೇಲೆ ಕ್ರಮ ಆಗಲಿಲ್ಲವೇ ಎಂದು ನೀವು ಕೇಳಬಹುದು. ಸಂಬಂಧಿಕರ ವೈರಿನ ಬಗ್ಗೆ ವಿವರಣೆ ಕೇಳುವ ಕಡತವೊಂದು ತಯಾರಾಗಿ ದೊಡ್ಡ ಸಾಹೇಬರ ಮೇಜಿಗೆ ಹೋದದ್ದು ನಿಜ. ಆದರೆ ವಿವರಣೆ ಕೇಳಬೇಕಾದರೆ ವೈರು ಯಾರ ಜಾಗದಲ್ಲಿದೆ ಎಂದು ಮೊದಲು ಬರೆಯಬೇಕಿತ್ತು. ದೊಡ್ಡ ಸಾಹೇಬರು ತಲೆ ಕೆರೆದುಕೊಂಡು ಅಂಚಿನಲ್ಲಿ ಬರೆದರು: ‘ಚರ್ಚಿಸಿ’. ಅಷ್ಟರಲ್ಲಿ ನಮ್ಮವರು ಹಾರ ಹಾಕಿಸಿಕೊಂಡು ನಿವೃತ್ತರಾದರು, ಪಿಂಚಣಿಯೂ ಬಂತು.

ಅಕ್ಕ ಮನೆ ಮಾರಲಿಲ್ಲ. ದಿನಾ ಬೆಳಗ್ಗೆ ಲಿಫ್ಟು ಹತ್ತಿ ಬರುತ್ತಾಳೆ. ಬರುವಾಗ ಸೆರಗಿನಿಂದ ಗುಂಡಿಗಳನ್ನು ಒರೆಸುತ್ತಾಳೆ, ಉಗುಳಲು ಬಾಯಿ ತೆರೆದವರಿಗೆ, “ವೈರು ಕಿತ್ಕೊಂಡು ಹೋಗ್ತೀನಿ, ಹುಷಾರ್!” ಎಂದು ಗದರುತ್ತಾಳೆ. ಇಲಾಖೆಯವರೂ ಕಂಪನಿಯವರೂ ಅವಳನ್ನು ಕಂಡರೆ ನಮಸ್ಕಾರ ಹಾಕುತ್ತಾರೆ.

ಮೊನ್ನೆ ಸಾಹೇಬರ ಜಾಗಕ್ಕೆ ಬಂದ ಹೊಸ ಎಂಜಿನಿಯರು ಮನೆಗೆ ಬಂದಿದ್ದರು. ಬಿಸಿರಕ್ತದ ಮನುಷ್ಯ, ಕಂಕುಳಲ್ಲಿ ವೈರಿನ ಕಡತ. “ಸರ್, ನಂಗೆ ಈ ಎಳೆದಾಟ ಎಲ್ಲ ಆಗಿಬರಲ್ಲ. ಇದನ್ನ ಈ ತಿಂಗಳೇ ತೀರ್ಮಾನ ಮಾಡಿಬಿಡ್ತೀನಿ” ಎಂದರು ನಿಂತುಕೊಂಡೇ.

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ಆಗಲೇ ಎದ್ದು, ಮೆಲ್ಲಗೆ ಕುರ್ಚಿಯೊಂದನ್ನು ಎಳೆದು ಹಾಕಿ, ಒಳಗಿದ್ದ ತಮ್ಮನ ಹೆಂಡತಿಗೆ ಇನ್ನೊಂದು ಲೋಟ ಚಹಾ ತರಲು ಕೂಗಿ ಹೇಳಿ, ಬಂದವರ ಕೈಯಿಂದ ಕಡತ ಇಸಿದುಕೊಂಡಳು.

“ಆತುರ ಯಾಕಪ್ಪ? ಕೂತ್ಕೊ” ಎಂದಳು. “ಮೊದ್ಲು ಚರ್ಚಿಸೋಣ.”